ಅಂಚೆಯಲ್ಲಿ ಬಂದ ಟೊಮೆಟೊ ಸಸಿ: ಬಾಗಿದ ಎಲೆಗಿಂತ ಸಣ್ಣ ಚುಕ್ಕೆಯೇ ಅಪಾಯ

ದೂರದ ನರ್ಸರಿಯಿಂದ ಅಂಚೆ ಅಥವಾ ಕೊರಿಯರ್ ಮೂಲಕ ಟೊಮೆಟೊ ಸಸಿ ತರಿಸಿಕೊಂಡವರು ಪೆಟ್ಟಿಗೆ ಬಿಚ್ಚಿದ ಕೂಡಲೇ ಸಸ್ಯರೋಗ ತಜ್ಞರಿಗೆ ಕಳಿಸುವ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಎಲೆಗಳು ಕೆಳಕ್ಕೆ ಬಾಗಿರುತ್ತವೆ, ಬುಡದ ಒಂದೆರಡು ಎಲೆ ಹಳದಿಯಾಗಿರುತ್ತವೆ, ಕಾಂಡ ಸೊಟ್ಟಗಾಗಿರುತ್ತದೆ. ಸಸಿ ಉಳಿಯುವುದಿಲ್ಲವೇನೋ ಎಂಬ ಆತಂಕ ಜೊತೆಗೆ ಬರೆದ ಸಾಲಿನಲ್ಲಿ ಕಾಣುತ್ತದೆ. ಇಂಥ ಸಸಿಗಳಲ್ಲಿ ಬಹುಪಾಲು ಚೇತರಿಸಿಕೊಳ್ಳುತ್ತವೆ. ನನಗೆ ನಿಜಕ್ಕೂ ಚಿಂತೆ ಹುಟ್ಟಿಸುವುದು ನೆಟ್ಟಗೆ ನಿಂತ, ದಟ್ಟ ಹಸಿರಿನ, ನೋಡಲು ಚೆಂದವಾದ, ಆದರೆ ಎಲೆಯ ಅಡಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಸಣ್ಣ, ನೀರು ಜಿನುಗಿದಂಥ ಚುಕ್ಕೆಗಳಿರುವ ಸಸಿ. ಪ್ರಯಾಣದಲ್ಲಿ ಆದ ಪೆಟ್ಟು ಮತ್ತು ನರ್ಸರಿಯಿಂದಲೇ ಹೊತ್ತು ತಂದ ರೋಗ, ಇವೆರಡನ್ನೂ ಬೇರೆ ಮಾಡಿ ನೋಡಲು ಬಂದರೆ ದೂರದಿಂದ ಸಸಿ ಕೊಳ್ಳುವುದರಲ್ಲಿ ಹೆದರುವಂಥದ್ದು ಹೆಚ್ಚೇನೂ ಇಲ್ಲ.

ಮುಚ್ಚಿದ ಪೆಟ್ಟಿಗೆಯೊಳಗೆ ಸಸಿಗೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಬೆಳಕಿಲ್ಲದಿದ್ದರೂ ಸಸಿ ಉಸಿರಾಡುತ್ತಲೇ ಇರುತ್ತದೆ. ಕೂಡಿಟ್ಟ ಸಕ್ಕರೆಯಂಶವನ್ನು ಕರಗಿಸುತ್ತಾ ಬಿಸಿಯನ್ನೂ ತೇವವನ್ನೂ ಹೊರಬಿಡುತ್ತದೆ. ಪೆಟ್ಟಿಗೆ ಬೆಚ್ಚಗಿದ್ದಷ್ಟೂ ಈ ಕರಗುವಿಕೆ ವೇಗವಾಗುತ್ತದೆ, ಕತ್ತಲಲ್ಲಿ ಕಾಂಡ ಬಿಳಿಚಿಕೊಂಡು ಉದ್ದವಾಗುತ್ತದೆ, ಹಳೆಯ ಎಲೆಗಳು ಹಳದಿ ತಿರುಗುತ್ತವೆ. ಇದರ ಜೊತೆಗೆ ಎಥಿಲೀನ್ ಎಂಬ ಅನಿಲವೂ ಸೇರುತ್ತದೆ. ಅಲುಗಾಟ, ಒತ್ತಡ, ಗಾಯ ಇವುಗಳಿಂದ ಸಸಿಯೇ ಅದನ್ನು ಹೊರಬಿಡುತ್ತದೆ. ಅದೇ ವಾಹನದಲ್ಲಿ ಮಾಗುತ್ತಿರುವ ಹಣ್ಣುಗಳಿದ್ದರೆ ಅವುಗಳಿಂದಲೂ ಬರುತ್ತದೆ. ಎಥಿಲೀನ್ ವಿಷಯದಲ್ಲಿ ಟೊಮೆಟೊ ಎಷ್ಟು ಸೂಕ್ಷ್ಮವೆಂದರೆ, ಹಸಿರುಮನೆಯಲ್ಲಿ ಈ ಅನಿಲ ಸೋರುತ್ತಿದೆಯೇ ಎಂದು ಪತ್ತೆಹಚ್ಚಲು ಟೊಮೆಟೊ ಸಸಿಯನ್ನೇ ಇಟ್ಟು ನೋಡುವ ಪದ್ಧತಿಯಿತ್ತು. ಅನಿಲ ತಗುಲಿದಾಗ ಎಲೆತೊಟ್ಟಿನ ಮೇಲ್ಭಾಗದ ಜೀವಕೋಶಗಳು ಕೆಳಭಾಗದವುಗಳಿಗಿಂತ ಬೇಗ ಹಿಗ್ಗುತ್ತವೆ, ಹೀಗಾಗಿ ಇಡೀ ಎಲೆ ಕೆಳಕ್ಕೆ ಬಾಗುತ್ತದೆ.

ಇದನ್ನು ನೀರಿಲ್ಲದೆ ಬಾಡಿದ್ದು ಎಂದು ತಿಳಿದು ಸಸಿಗೆ ಮತ್ತೆ ಮತ್ತೆ ನೀರು ಸುರಿಯುವವರೇ ಹೆಚ್ಚು. ವ್ಯತ್ಯಾಸ ಕಂಡುಕೊಳ್ಳಲು ಉಪಕರಣವೇನೂ ಬೇಡ, ಬೆರಳು ಸಾಕು. ಬಾಗಿದ ಎಲೆಯ ತೊಟ್ಟನ್ನು ಮೆಲ್ಲಗೆ ಮೇಲಕ್ಕೆತ್ತಿ ನೋಡಿ. ತೊಟ್ಟು ಬಿಗಿಯಾಗಿ ಪ್ರತಿರೋಧ ತೋರಿದರೆ, ಎಲೆಯನ್ನು ಹಿಡಿದಾಗ ಗರಿಗರಿಯಾಗಿದ್ದರೆ ಅದು ಎಥಿಲೀನ್‌ನ ಕೆಲಸ. ಗಾಳಿಯಾಡುವ ಕಡೆ ಇಟ್ಟರೆ ಬಾಗುವುದು ನಿಲ್ಲುತ್ತದೆ, ಹಳೆಯ ಎಲೆಗಳು ಪೂರ್ತಿ ಮೇಲೇಳದಿದ್ದರೂ ಹೊಸ ಎಲೆಗಳು ಸರಿಯಾಗಿಯೇ ಬರುತ್ತವೆ. ತೊಟ್ಟು ಜೋತುಬಿದ್ದು ಎಲೆ ಬಟ್ಟೆಯಂತೆ ಮೆತ್ತಗಿದ್ದರೆ ಮಾತ್ರ ಬೇರಿನ ಉಂಡೆಯನ್ನು ಪರೀಕ್ಷಿಸಬೇಕು. ಉಂಡೆ ಹಗುರವಾಗಿ ಒಣಗಿದ್ದರೆ ನೀರು ಬೇಕು. ಉಂಡೆ ಒದ್ದೆಯಾಗಿದ್ದೂ ಎಲೆ ಜೋತಿದ್ದರೆ ಬೇರು ಕೊಳೆತಿರುವ ಸಾಧ್ಯತೆ ಹೆಚ್ಚು: ಆರೋಗ್ಯವಂತ ಬೇರು ಬಿಳಿಯಾಗಿ ಉಂಡೆಯನ್ನು ಹಿಡಿದುಕೊಂಡಿರುತ್ತದೆ, ಕೊಳೆತ ಬೇರು ಕಂದಾಗಿ ಎಳೆದರೆ ಸಿಪ್ಪೆ ಕಳಚಿಕೊಳ್ಳುತ್ತದೆ. ಅಡ್ಡ ಮಲಗಿಸಿ ಕಳಿಸಿದ ಸಸಿಯ ತುದಿ ಕೆಲವೇ ಗಂಟೆಗಳಲ್ಲಿ ಮೇಲ್ಮುಖವಾಗಿ ತಿರುಗುವುದರಿಂದ ಕಾಂಡ ಸೊಟ್ಟಗಾಗುತ್ತದೆ. ಅದನ್ನು ಕೈಯಿಂದ ನೇರ ಮಾಡಲು ಹೋದರೆ ಮುರಿಯುತ್ತದೆ, ಹಾಗೆಯೇ ಬಿಡಬೇಕು.

ಚಳಿಯ ಪೆಟ್ಟು ಇದಕ್ಕಿಂತ ಗಂಭೀರ. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಉಷ್ಣತೆಯಲ್ಲಿ ಟೊಮೆಟೊ ಹೆಚ್ಚು ಹೊತ್ತು ಸುಖವಾಗಿರಲಾರದು, ಮತ್ತು ಅದರ ಹಾನಿ ಪೆಟ್ಟಿಗೆ ತೆರೆದ ದಿನ ಕಾಣದೆ ಒಂದೆರಡು ದಿನ ಕಳೆದ ಮೇಲೆ ಎಲೆಯ ಮೇಲೆ ನೀರು ತುಂಬಿದಂಥ ಮಚ್ಚೆಗಳಾಗಿ ಕಾಣಿಸಿಕೊಂಡು ಸುಕ್ಕುಗಟ್ಟುವುದುಂಟು. ಆದ್ದರಿಂದ ಕಡುಚಳಿಯಲ್ಲೂ ಕಡುಬೇಸಿಗೆಯಲ್ಲೂ ಸಸಿ ತರಿಸದಿರುವುದೇ ಲೇಸು. ವಾರದ ಕೊನೆಯಲ್ಲಿ ರವಾನೆಯಾದ ಪೆಟ್ಟಿಗೆ ರಜಾ ದಿನಗಳಲ್ಲಿ ಗೋದಾಮಿನಲ್ಲೇ ಕುಳಿತಿರುತ್ತದೆ; ವಾರದ ಮೊದಲ ಎರಡು ದಿನಗಳಲ್ಲೇ ಕಳಿಸಿ ಎಂದು ಆರ್ಡರ್ ಜೊತೆಗೇ ಬರೆಯಿರಿ.

ಎಂಥ ಸಸಿ ತರಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಚಿಕ್ಕದು. ಹೂ ಬಿಟ್ಟ, ದೊಡ್ಡದಾಗಿ ಬೆಳೆದ ಸಸಿಗೆ ಹೆಚ್ಚು ಹಣ ಕೊಟ್ಟರೆ ಬೇಗ ಹಣ್ಣು ಸಿಗುತ್ತದೆ ಎಂಬ ಲೆಕ್ಕಾಚಾರ ಅಂಚೆಯ ಸಸಿಗಳ ವಿಷಯದಲ್ಲಿ ತಪ್ಪುತ್ತದೆ. ಅಂಥ ಸಸಿಯ ಬೇರುಗಳು ಟ್ರೇಯ ಪುಟ್ಟ ಗುಳಿಯಲ್ಲಿ ಸುತ್ತಿಕೊಂಡು ಬಿಗಿದಿರುತ್ತವೆ, ಎಲೆಯ ಹರವು ಹೆಚ್ಚಿರುವುದರಿಂದ ಉಸಿರಾಟಕ್ಕೆ ಹೆಚ್ಚು ಸಕ್ಕರೆ ಖರ್ಚಾಗುತ್ತದೆ, ಎಥಿಲೀನ್ ತಗುಲಿದಾಗ ಮೊದಲು ಉದುರುವುದೂ ಆ ಹೂಗಳೇ. ಬಿತ್ತಿ 25ರಿಂದ 35 ದಿನಗಳಾದ, ನಾಲ್ಕೈದು ನಿಜವಾದ ಎಲೆಗಳಿರುವ (ಮೊಳೆತಾಗ ಮೊದಲು ಬರುವ ಬೀಜದೆಲೆಗಳನ್ನು ಬಿಟ್ಟು), ಗೆಣ್ಣುಗಳ ನಡುವೆ ಅಂತರ ಕಡಿಮೆಯಿರುವ ಗಿಡ್ಡ ಸಸಿ ಎರಡು ಮೂರು ದಿನಗಳ ಪ್ರಯಾಣವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಹಾಗಾಗಿ ನರ್ಸರಿಯವರನ್ನು ಸಸಿಯ ಎತ್ತರ ಕೇಳುವ ಬದಲು ಬಿತ್ತಿದ ದಿನಾಂಕ ಕೇಳಿ; ಕಳಿಸುವ ಮೊದಲಿನ ಒಂದು ವಾರ ನೀರು ಕಡಿಮೆ ಮಾಡಿ, ಬಯಲಿನ ಬಿಸಿಲು ಗಾಳಿಗೆ ಒಡ್ಡಿ ಸಸಿಯನ್ನು ಗಟ್ಟಿಗೊಳಿಸಿದ್ದಾರೆಯೇ ಎಂದೂ ಕೇಳಿ. ಈ ಎರಡಕ್ಕೂ ನೇರವಾಗಿ ಉತ್ತರಿಸುವ ನರ್ಸರಿಯ ಮೇಲೆ ಭರವಸೆ ಇಡಬಹುದು.

ತಳಿಯ ಹೆಸರಿನ ಮುಂದೆ ಇರುವ ವಿ, ಎಫ್, ಎನ್, ಟಿ ಎಂಬ ಅಕ್ಷರಗಳು ಕ್ರಮವಾಗಿ ವರ್ಟಿಸಿಲಿಯಂ ಸೊರಗು, ಫ್ಯುಸೇರಿಯಂ ಸೊರಗು, ಬೇರುಗಂಟು ಜಂತುಹುಳು ಮತ್ತು ಮೊಸಾಯಿಕ್ ನಂಜುರೋಗಗಳಿಗೆ ಆ ತಳಿ ತೋರುವ ನಿರೋಧಕತೆಯನ್ನು ಹೇಳುತ್ತವೆ. ಅವು ಉಪಯುಕ್ತ, ಆದರೆ ಎಲ್ಲ ರೋಗಗಳಿಂದ ಕಾಯುವ ರಕ್ಷಾಕವಚವಲ್ಲ. 2014–15ರ ಸುಮಾರಿಗೆ ಇಸ್ರೇಲ್ ಮತ್ತು ಜೋರ್ಡಾನ್‌ನ ಹಸಿರುಮನೆಗಳಲ್ಲಿ ಮೊದಲು ಕಾಣಿಸಿಕೊಂಡ ಟೊಮೆಟೊ ಬ್ರೌನ್ ರೂಗೋಸ್ ಫ್ರೂಟ್ ವೈರಸ್, ಮೊಸಾಯಿಕ್ ನಿರೋಧಕತೆಗೆಂದು ದಶಕಗಳಿಂದ ನೆಚ್ಚಿಕೊಂಡಿದ್ದ ವಂಶವಾಹಿಯನ್ನೇ ಮೀರಿ ನಿಂತು ಹಲವು ಖಂಡಗಳಿಗೆ ಹಬ್ಬಿತು. ಅದು ಹರಡುವುದಕ್ಕೆ ಕೀಟ ಬೇಕಿಲ್ಲ. ಬೀಜ, ಕೈ, ಕತ್ತರಿ, ಬಟ್ಟೆ ಯಾವುದಾದರೂ ಸಾಕು. ನೂರಾರು ಸಸಿಗಳನ್ನು ಒಂದೇ ಕೈ ಮುಟ್ಟುವ ನರ್ಸರಿಯಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಸಸಿಯ ಮೂಲಕ ರೋಗ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2009ರಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ನಡೆದದ್ದನ್ನು ನೆನೆಯಬೇಕು. ಫೈಟಾಫ್ಥೋರಾ ಇನ್ಫೆಸ್ಟನ್ಸ್ ಎಂಬ ರೋಗಾಣುವಿನಿಂದ ಬರುವ ಕೊನೆಯ ಅಂಗಮಾರಿ ರೋಗ ತಗುಲಿದ ಟೊಮೆಟೊ ಸಸಿಗಳು ದೊಡ್ಡ ಮಳಿಗೆಗಳ ಮೂಲಕ ಮನೆಮನೆಯ ಕೈತೋಟ ಸೇರಿದವು. ಆ ವರ್ಷದ ತಂಪು, ಮಳೆಯ ಹವೆಯೂ ಸೇರಿ ರೋಗ ಕೈತೋಟಗಳಿಂದ ರೈತರ ಹೊಲಗಳಿಗೆ ವ್ಯಾಪಿಸಿತು. ಕೊಂಡವರಾರೂ ಬೇಕೆಂದು ರೋಗ ಹರಡಿದವರಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2019ರ ಡಿಸೆಂಬರ್ 14ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಅಂಗಡಿಗೇ ಹೋಗಿ ತಮ್ಮ ತೋಟಕ್ಕೆ ಸಸಿ ಕೊಳ್ಳುವವರಿಗೆ ಸಸ್ಯ ಪಾಸ್‌ಪೋರ್ಟ್ ಎಂಬ ಪ್ರಮಾಣಚೀಟಿಯ ಅಗತ್ಯ ಸಾಮಾನ್ಯವಾಗಿ ಇಲ್ಲ. ಆದರೆ ಅಂಚೆ ಅಥವಾ ಅಂತರ್ಜಾಲದ ಮೂಲಕ ತರಿಸುವ ಸಸಿಗೆ ಅದು ಇರಲೇಬೇಕು. ಈ ವ್ಯತ್ಯಾಸ ನನಗೆ ಅತ್ಯಂತ ವಿವೇಕದ್ದಾಗಿ ಕಾಣುತ್ತದೆ, ಏಕೆಂದರೆ ಅಂಚೆಯ ಸಸಿ ರೋಗವಿರುವ ಪ್ರದೇಶದಿಂದ ರೋಗವಿಲ್ಲದ ಪ್ರದೇಶಕ್ಕೆ ಒಂದೇ ರಾತ್ರಿಯಲ್ಲಿ ತಲುಪಿಬಿಡಬಲ್ಲದು.

ಪೆಟ್ಟಿಗೆ ಬಂದ ಕೂಡಲೇ ಮಾಡಬೇಕಾದ ಪರೀಕ್ಷೆ ಹೀಗೆ. ಒಂದೊಂದೇ ಸಸಿಯನ್ನು ಬೆಳಕಿಗೆ ಹಿಡಿದು ಎಲೆಯ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಕಪ್ಪಾದ ಸಣ್ಣ ಚುಕ್ಕೆ, ಅದರ ಸುತ್ತ ಹಳದಿ ಅಂಚು ಕಂಡರೆ ದುಂಡಾಣು ಎಲೆಚುಕ್ಕೆ ರೋಗದ ಶಂಕೆ ಬರಬೇಕು. ಅಗಲವಾದ ಕಂದು ಮಚ್ಚೆ, ಅದರ ಅಂಚಿನಲ್ಲಿ ಅಡಿಯಿಂದ ಬಿಳಿಯ ಬೂಷ್ಟು ಇದ್ದರೆ ಕೊನೆಯ ಅಂಗಮಾರಿ ಇರಬಹುದು. ಎಲೆಯೊಳಗೆ ಸುತ್ತಿ ಸುಳಿದ ಬಿಳಿ ಗೆರೆ ರಂಗೋಲಿ ಹುಳುವಿನದು. ಬಿಳಿನೊಣದ ಮರಿಗಳು ಎಲೆಗೆ ಅಂಟಿದ ಹಳದಿ ಹುರುಪೆಯಂತೆ ಕಾಣುತ್ತವೆ; ಅವು ತರುವ ಎಲೆ ಮುಟುರು ನಂಜುರೋಗದ ಲಕ್ಷಣ ಕಾಣಲು ಎರಡು ಮೂರು ವಾರ ಬೇಕಾಗುವುದರಿಂದ, ಬಿಳಿನೊಣ ಕಂಡ ಸಸಿ ಎಷ್ಟೇ ಚೆನ್ನಾಗಿದ್ದರೂ ನಂಬುವಂತಿಲ್ಲ. ಪರೀಕ್ಷೆ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಹಳೆಯ ಗಿಡಗಳನ್ನು ಮುಟ್ಟಬಾರದು.

ಚುಕ್ಕೆಯಿಲ್ಲದ ಸಸಿಗಳನ್ನು ನೆಟ್ಟಗೆ ನಿಲ್ಲಿಸಿ, ನೆರಳಿದ್ದೂ ಬೆಳಕಿರುವ ಜಾಗದಲ್ಲಿ ಎರಡು ದಿನ ಇಡಿ. ಬೇರಿನ ಉಂಡೆ ಒಣಗಿದ್ದರೆ ತಟ್ಟೆಯಲ್ಲಿ ತೆಳುವಾಗಿ ನೀರು ನಿಲ್ಲಿಸಿ ಕೆಳಗಿನಿಂದ ಹೀರಲು ಬಿಡಿ. ಎಲೆಗಳ ಮೇಲೆ ನೀರು ಚಿಮುಕಿಸುವುದು ರೋಗಾಣುವಿಗೆ ಹಾದಿ ಮಾಡಿಕೊಟ್ಟಂತೆ. ಕತ್ತಲಿನಿಂದ ಬಂದ ಸಸಿಯನ್ನು ನೇರ ಬಿಸಿಲಿಗಿಟ್ಟರೆ ಎಲೆಗಳು ಒಂದೇ ದಿನದಲ್ಲಿ ಬಿಳಿಚಿ ಕಾಗದದಂತೆ ಒಣಗಬಹುದು, ಆದ್ದರಿಂದ ಬಿಸಿಲನ್ನು ಐದಾರು ದಿನಗಳಲ್ಲಿ ಹಂತಹಂತವಾಗಿ ಹೆಚ್ಚಿಸಬೇಕು. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ. ಎರಡು ವಾರ ಬೇರೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಗಿಡಗಳಿಂದ ದೂರವಿಡಿ. ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು, ಒಂದರ ರೋಗ ಇನ್ನೊಂದಕ್ಕೆ ದಾಟಬಲ್ಲದು.

ನೆಡುವಾಗ, ಪ್ರಯಾಣದಲ್ಲಿ ಉದ್ದವಾದ ಕಾಂಡವನ್ನು ಕೆಳಗಿನ ಎಲೆಗಳನ್ನು ತೆಗೆದು ಆಳವಾಗಿ ಹೂಳಬಹುದು, ಏಕೆಂದರೆ ಟೊಮೆಟೊ ಕಾಂಡ ಮಣ್ಣಿನೊಳಗೆ ಎಲ್ಲೆಡೆ ಬೇರು ಬಿಡುತ್ತದೆ. ಕಸಿ ಮಾಡಿದ ಸಸಿಗೆ ಮಾತ್ರ ಇದು ಸಲ್ಲದು. ಅದರ ಕಸಿಗಂಟು, ಅಂದರೆ ಬೇರಿನ ಗಿಡಕ್ಕೆ ಮೇಲಿನ ತಳಿಯನ್ನು ಕೂಡಿಸಿದ ಜಾಗ, ಮಣ್ಣಿನ ಮೇಲೆಯೇ ಇರಬೇಕು. ಗಂಟು ಹೂತುಹೋದರೆ ಮೇಲಿನ ತಳಿ ತನ್ನದೇ ಬೇರು ಬಿಟ್ಟು ಮಣ್ಣಿನ ರೋಗಗಳಿಗೆ ತೆರೆದುಕೊಳ್ಳುತ್ತದೆ, ಕಸಿಗೆಂದು ಕೊಟ್ಟ ಹಣ ವ್ಯರ್ಥವಾಗುತ್ತದೆ.

ಶಂಕೆಯ ಸಸಿ ಸಿಕ್ಕಿದರೆ ಅದನ್ನು ಗೊಬ್ಬರದ ಗುಂಡಿಗೆ ಹಾಕದೆ, ಚೀಲದಲ್ಲಿ ಕಟ್ಟಿ ಬೇರೆಡೆ ಇರಿಸಿ. ಎಲೆಯ ಎರಡೂ ಬದಿ, ಬೇರು, ಪೆಟ್ಟಿಗೆಯ ಚೀಟಿ, ಅದರ ಮೇಲಿನ ಬ್ಯಾಚ್ ಸಂಖ್ಯೆ ಎಲ್ಲದರ ಚಿತ್ರ ತೆಗೆದು ಅದೇ ದಿನ ನರ್ಸರಿಗೆ ಕಳಿಸಿ, ಸಾಧ್ಯವಿದ್ದರೆ ಸಸ್ಯರೋಗ ಪ್ರಯೋಗಾಲಯಕ್ಕೂ ತಿಳಿಸಿ. ಹಣ ವಾಪಸು ಬಂದರೆ ಸಾಕೆಂದು ಸುಮ್ಮನಾಗಬೇಡಿ. ಅದೇ ಟ್ರೇಯ ಉಳಿದ ಸಸಿಗಳು ಆ ಹೊತ್ತಿಗೆ ಬೇರೆ ಊರುಗಳ ದಾರಿಯಲ್ಲಿರುತ್ತವೆ, ಅವನ್ನು ಪಡೆಯಲಿರುವವರಿಗೆ ನರ್ಸರಿಯವರು ಎಚ್ಚರಿಕೆ ಕೊಡಲು ನಿಮ್ಮ ಚಿತ್ರವೇ ಆಧಾರವಾಗುತ್ತದೆ.