ನಡೆದರೆ ಸಾಕಾ? ಸ್ಟ್ರೋಕ್ ಆದವರು ಕೇಳುತ್ತಿರುವುದು

ಲಕ್ವ ಹೊಡೆದ ಮೊದಲ ತಿಂಗಳಲ್ಲಿ ಮನೆಯವರು ಫಿಜಿಯೋಥೆರಪಿಸ್ಟ್ ಆದ ನನ್ನನ್ನು ಕೇಳುವುದು ಒಂದೇ: "ಮೇಡಂ, ನಡೀತಾರಾ?" ಆರು ತಿಂಗಳಾದ ಮೇಲೆ ಪ್ರಶ್ನೆಗಳು ಬದಲಾಗುತ್ತವೆ. ಸ್ನಾನ ಮಾಡಿ ಬಂದರೂ ಸುಸ್ತಾಗಿ ಮಲಗಿಬಿಡ್ತಾರಲ್ಲ, ಯಾಕೆ? ಸುಮ್‌ಸುಮ್ನೆ ಅಳು ಯಾಕೆ ಬರುತ್ತೆ? ಎಲ್ಲಾ ಅರ್ಥ ಆಗುತ್ತೆ, ಆದ್ರೆ ಮಾತು ಬಾಯಿಗೆ ಬರಲ್ಲ, ಏನು ಮಾಡೋದು?

ಇವಕ್ಕೆ ನಮ್ಮ ಹತ್ತಿರ ಗಟ್ಟಿ ಉತ್ತರ ಕಡಿಮೆ. ಸಂಶೋಧನೆ ಆ ಕಡೆ ಜಾಸ್ತಿ ಹೋಗಿಲ್ಲ.

ಸ್ಕಾಟ್ಲೆಂಡಿನಲ್ಲಿ ಸ್ಟ್ರೋಕ್ ಆದವರು, ಅವರನ್ನು ನೋಡಿಕೊಳ್ಳುವವರು, ಚಿಕಿತ್ಸೆ ಕೊಡುವವರು ಒಟ್ಟಿಗೆ ಕೂತು, ಮುಂದೆ ಯಾವುದರ ಮೇಲೆ ಸಂಶೋಧನೆ ನಡೆಯಬೇಕು ಎಂದು 10 ವಿಷಯಗಳನ್ನು ಆರಿಸಿದರು. 2012ರಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ ಮೊದಲು ಬಂದದ್ದು ಯೋಚನೆ, ನೆನಪು, ಗಮನದ ತೊಂದರೆ. ಆಮೇಲೆ, ಬದಲಾದ ಬದುಕಿಗೆ ಹೊಂದಿಕೊಳ್ಳುವುದು. ಮೂರನೆಯದು ಮಾತು ಕಳೆದುಕೊಳ್ಳುವ ಅಫೇಸಿಯಾ. ಕೈ, ಸುಸ್ತು, ನಡಿಗೆ ಕೂಡ ಇದ್ದವು. ಆದ್ರೆ ನಡಿಗೆ ಮೊದಲ ಸಾಲಿನಲ್ಲಿ ಇರಲಿಲ್ಲ.

ಸ್ಟ್ರೋಕ್ ಆದವರು ತಮ್ಮ ಕೆಲಸ ತಾವೇ ಎಷ್ಟು ಮಾಡಿಕೊಳ್ಳುತ್ತಾರೆ ಎಂದು ನಾವು ಅಳೆಯುವ ರೀತಿ ನೋಡಿ. ರ‍್ಯಾಂಕಿನ್ ಸ್ಕೇಲ್‌ನಲ್ಲಿ 0 ಅಂದರೆ ತೊಂದರೆಯೇ ಇಲ್ಲ, 6 ಅಂದರೆ ಸಾವು. ಎಷ್ಟೋ ಅಧ್ಯಯನಗಳಲ್ಲಿ 0ಯಿಂದ 2ರೊಳಗೆ ಬಂದರೆ "ಒಳ್ಳೆಯ ಫಲಿತಾಂಶ". ಒಬ್ಬ ಟೈಲರ್ ಸ್ನಾನ, ಊಟ, ಓಡಾಟ ಎಲ್ಲಾ ತಾನೇ ಮಾಡಿಕೊಳ್ಳುತ್ತಾನೆ ಅಂದುಕೊಳ್ಳಿ. ಆದ್ರೆ ತೆಗೆದುಕೊಂಡ ಅಳತೆ ನೆನಪಿರುವುದಿಲ್ಲ, ಕತ್ತರಿ ನೆಟ್ಟಗೆ ಹೋಗುವುದಿಲ್ಲ. ಅಂಗಡಿ ಮುಚ್ಚಿದೆ. ಲೆಕ್ಕದಲ್ಲಿ ಅವನು ಚೆನ್ನಾಗಿದ್ದಾನೆ!

ಮನೆಯವರ ವಿಷಯಕ್ಕೆ ಬಂದರೆ, ಭಾರತದಲ್ಲೇ ಅಟೆಂಡ್ ಎಂಬ ದೊಡ್ಡ ಅಧ್ಯಯನ ನಡೆಯಿತು. 14 ಆಸ್ಪತ್ರೆಗಳು, 1,250 ರೋಗಿಗಳು. ಒಂದು ಗುಂಪಿನಲ್ಲಿ ವ್ಯಾಯಾಮ, ಆರೈಕೆ ಮಾಡಿಸುವುದನ್ನು ಮನೆಯವರಿಗೆ ಕಲಿಸಿದರು; ಇನ್ನೊಂದು ಗುಂಪಿಗೆ ಮಾಮೂಲಿ ಆರೈಕೆ ಮಾತ್ರ. 2017ರಲ್ಲಿ ಫಲಿತಾಂಶ ಬಂತು: ಆರು ತಿಂಗಳಲ್ಲಿ ಸಾವು ಅಥವಾ ಪರಾವಲಂಬನೆ ಎರಡೂ ಗುಂಪಿನಲ್ಲಿ ಸುಮಾರು 47%. ವ್ಯತ್ಯಾಸ ಇಲ್ಲ. ಮನೆಯವರ ಶ್ರಮ ವ್ಯರ್ಥ ಎಂದು ಇದನ್ನು ಓದಬಾರದು. ಅವರ ಮೇಲೆ ಹೊಣೆ ಹೊರಿಸಿದರೆ ಸಾಕು ಅನ್ನುವ ಲೆಕ್ಕಾಚಾರ ಕೆಲಸ ಮಾಡಲಿಲ್ಲ ಎಂದು ನಾನು ಓದುತ್ತೇನೆ.

ಅವರಿಗೆ ಬೇಕಿರುವುದೇ ಬೇರೆ. ಗಂಡನನ್ನು ಮಂಚದಿಂದ ಎಬ್ಬಿಸುವಾಗ ಬಲವಿಲ್ಲದ ಕೈಯನ್ನೇ ಹಿಡಿದು ಎಳೆಯುತ್ತಾರೆ. ಭುಜದ ಕೀಲು ಮೊದಲೇ ಸಡಿಲವಾಗಿರುತ್ತದೆ, ನೋವು ಶುರುವಾಗುತ್ತದೆ. ಇತ್ತ ಹೆಂಡತಿಗೆ ಸೊಂಟ ಹಿಡಿಯುತ್ತದೆ. ಅವನ ಕಾಲು ಹಿಂದಕ್ಕೆ ಇಡಿಸಿ, ಮುಂದಕ್ಕೆ ಬಾಗಿಸಿ, ಸೊಂಟದ ಹತ್ತಿರ ಆಧಾರ ಕೊಟ್ಟು ಎಬ್ಬಿಸುವುದನ್ನು ಕಲಿಸಬಹುದು. ಆದ್ರೆ ಒಬ್ಬಳೇ ಇರುವ, 60 ದಾಟಿದ ಹೆಂಗಸಿಗೆ ವರ್ಷಗಟ್ಟಲೆ ಇದನ್ನು ಮಾಡಲು ಆಗುತ್ತಾ? ಮಧ್ಯೆ ಅವಳಿಗೆ ಬಿಡುವು ಕೊಡುವವರು ಯಾರು? ಅಧ್ಯಯನ ಆಗಬೇಕಾದದ್ದು ಇದರ ಮೇಲೆ.

ನನಗೆ ಬಹಳ ನೋವು ತರುವುದು ಇನ್ನೊಂದಿದೆ. ಒಪ್ಪಿಗೆ ಪಡೆಯುವುದು ಕಷ್ಟ ಎಂದು ಮಾತು ಬಾರದವರನ್ನು ಎಷ್ಟೋ ಅಧ್ಯಯನಗಳು ಹೊರಗಿಡುತ್ತವೆ. ಚಿತ್ರ ತೋರಿಸಿ, ಹೌದು–ಇಲ್ಲ ಎಂದು ಉತ್ತರಿಸಬಹುದಾದ ಚಿಕ್ಕ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾದರೆ ಅವರಲ್ಲಿ ಹಲವರು ತಮ್ಮ ಇಷ್ಟ ತಿಳಿಸಬಲ್ಲರು. ಅದಕ್ಕೆ ಬೇಕಾದ ಚಿತ್ರಗಳು, ಹಾಳೆಗಳು ಕನ್ನಡದಲ್ಲಿ ತಯಾರಾಗಬೇಕು. ಅಧ್ಯಯನ ಮುಗಿದ ಮೇಲೆ ಏನು ಗೊತ್ತಾಯಿತು ಎಂದೂ ಅವರಿಗೆ ಕನ್ನಡದಲ್ಲೇ ಹೇಳಬೇಕು. ನಿಮ್ಮ ಮನೆಯವರನ್ನು ಯಾರಾದರೂ ಅಧ್ಯಯನಕ್ಕೆ ಸೇರಿಸಿಕೊಂಡರೆ, ಗೊತ್ತಾದದ್ದನ್ನು ನಮಗೆ ಕನ್ನಡದಲ್ಲಿ ಹೇಳ್ತೀರಾ ಎಂದು ಸಹಿ ಹಾಕುವ ಮೊದಲು ಕೇಳಿಯೇ ಕೇಳಿ.