ನಾಯಿ ಕಲಿಯುವ ಅರ್ಧ ಸೆಕೆಂಡ್

ಶಿರಸಿ ಸುತ್ತಿನ ತೋಟದ ಮನೆಗಳಲ್ಲಿ ನಾಯಿಯ ಕೆಲಸ ಮಂಗ ಓಡಿಸುವುದು. ರಾತ್ರಿ ಚಿರತೆ ಬಂದರೆ ಮೊದಲು ಹೋಗುವುದೂ ಅದೇ, ಪಾಪ. ಅದಕ್ಕೊಂದು ಟ್ರೇನಿಂಗ್ ಬೇಕು ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಲ್ಯಾಬ್ರಡಾರ್ ಬಂದಿದೆ, ನೆಟ್ ಬಂದಿದೆ, ಹತ್ತಿರದಲ್ಲಿ ಟ್ರೇನರ್ ಮಾತ್ರ ಇಲ್ಲ. ಹಾಗಾಗಿ ಜಗಲಿಯಲ್ಲಿ ಕೂತು ವಿಡಿಯೊ ನೋಡಿ ನಾಯಿಗೆ ಪಾಠ ಹೇಳುವವರು ಜಾಸ್ತಿ ಆಗಿದ್ದಾರೆ. ಒಳ್ಳೇದೇ. ಆದರೆ ಎಷ್ಟೋ ವಿಡಿಯೊಗಳು ಒಂದು ಹಳಸಿದ ಕತೆಯನ್ನು ಇನ್ನೂ ಬಡಿಸುತ್ತಿವೆ.

ಅದೇ ಆಲ್ಫಾ ಕತೆ. ನಾಯಿ ತೋಳದ ಕುಲ, ತೋಳದ ಗುಂಪಿಗೊಬ್ಬ ಯಜಮಾನ. ಹಾಗಾಗಿ ನೀವು ನಾಯಿಯನ್ನು ಅಂಗಾತ ಕೆಡವಿ ಒತ್ತಿ ಹಿಡಿಯಬೇಕು, ಬಾಗಿಲು ದಾಟುವಾಗ ನೀವೇ ಮುಂದಿರಬೇಕು, ಇತ್ಯಾದಿ. ಇದರ ಮೂಲ 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದ ಒಂದು ಪ್ರಬಂಧ. ಅವರು ನೋಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು. ಒಂದೇ ಆವರಣದಲ್ಲಿ ಕೂಡಿಹಾಕಿದರೆ ಕಚ್ಚಾಡದೆ ಇನ್ನೇನು ಮಾಡುತ್ತವೆ? ತೋಳಗಳ ಸಂಶೋಧಕ ಡೇವಿಡ್ ಮೆಚ್ 1970ರ ತಮ್ಮ ಪುಸ್ತಕದಲ್ಲಿ ಆ ಮಾತನ್ನು ಇನ್ನಷ್ಟು ಹಬ್ಬಿಸಿದರು. ಆಮೇಲೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಎಷ್ಟೋ ಬೇಸಿಗೆ ಕಾಡು ತೋಳಗಳ ಹತ್ತಿರವೇ ಇದ್ದು ನೋಡಿ, 1999ರಲ್ಲಿ ತಾವೇ ತಿದ್ದಿದರು. ಕಾಡಿನ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ. ಅದರಲ್ಲಿ ಕುಸ್ತಿ ಎಲ್ಲಿಂದ ಬಂತು? ಆದರೂ ಆಲ್ಫಾ ವಿಡಿಯೊ ಓಡುತ್ತಲೇ ಇದೆ, ಪಕ್ಕದ ಮನೆ ಮಾವನ "ಎರಡು ಬಾರಿಸಿದ್ರೆ ಸರಿಯಾಗ್ತು" ಎಂಬ ಮಾತಿಗೆ ಕೋಟು ತೊಡಿಸಿದ ಹಾಗೆ.

ನಾಯಿ ಕಲಿಯುವ ದಾರಿಯೇ ಬೇರೆ. ಅದು ಕೂತಿತು ಅನ್ನಿ. ನೀವು ಡಬ್ಬಿ ಮುಚ್ಚಳ ತೆಗೆದು ತಿಂಡಿ ಚಾಚುವಷ್ಟರಲ್ಲಿ ಅದು ಎದ್ದು, ಕಿವಿ ಕೆರೆದುಕೊಂಡು, ಅಂಗಳದ ಕೋಳಿಯ ಕಡೆ ತಿರುಗಿರುತ್ತದೆ. ಅದರ ಲೆಕ್ಕದಲ್ಲಿ ತಿಂಡಿ ಸಿಕ್ಕಿದ್ದು ಕೋಳಿ ನೋಡಿದ್ದಕ್ಕೆ! ಈ ಸಂದು ತುಂಬಲಿಕ್ಕೆ ಒಂದು ಸದ್ದು ಬೇಕು. ಸರಿಯಾದ ಗಳಿಗೆಯಲ್ಲಿ ಟಿಕ್ ಅನ್ನಿಸಿ, ತಿಂಡಿ ಆಮೇಲೆ ಕೊಡಿ. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಮತ್ತು ಮರಿಯನ್ ಬ್ರೆಲಂಡ್ ದಂಪತಿ 1940ರ ದಶಕದಲ್ಲೇ ಇದನ್ನು ಕಂಡುಕೊಂಡಿದ್ದರು. 1960ರ ದಶಕದಲ್ಲಿ ಹವಾಯಿಯಲ್ಲಿ ಕರೆನ್ ಪ್ರಯರ್ ಎಂಬ ತರಬೇತುಗಾರ್ತಿ ಇದನ್ನೇ ಸೀಟಿ ಊದಿ ಡಾಲ್ಫಿನ್‌ಗಳಿಗೆ ಬಳಸಿದರು. ಕಾರವಾರದಿಂದ ಕೂರ್ಮಗಡದ ಕಡೆ ದೋಣಿಯಲ್ಲಿ ಹೋಗಿ ಡಾಲ್ಫಿನ್ ನೋಡಿದವರಿಗೆ ಹೇಳಬೇಕಿಲ್ಲ, ಅದಕ್ಕೆ ಹಗ್ಗ ಕಟ್ಟಲಿಕ್ಕಾಗುವುದಿಲ್ಲ, ಬಾರಿಸಲಿಕ್ಕಂತೂ ಆಗುವುದೇ ಇಲ್ಲ. ಮನಸ್ಸಿಲ್ಲದಿದ್ದರೆ ಮುಳುಗಿ ಹೋಗುತ್ತದೆ.

ಇನ್ನು ನನಗೆ ಬಹಳ ಇಷ್ಟವಾದ ಭಾಗ. 1990ರ ದಶಕದಲ್ಲಿ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸೂಸುವ ನರಕೋಶಗಳನ್ನು ಗಮನಿಸಿದರು. ಹಣ್ಣಿನ ರಸ ಅಚಾನಕ್ಕಾಗಿ ಸಿಕ್ಕಾಗ ಕೋಶಗಳು ಮಿಡಿದವು. ರಸಕ್ಕೆ ಮೊದಲು ಒಂದು ಸೂಚನೆ ಕೊಡುತ್ತ ಹೋದಾಗ ಮಿಡಿತ ಸೂಚನೆಗೇ ಜಾರಿತು, ರಸ ಬಂದಾಗ ಅವು ಸುಮ್ನೆ ಇದ್ದವು. ಸೂಚನೆ ಕೊಟ್ಟು ರಸ ಕೊಡದಿದ್ದರೆ ಮಿಡಿತ ಇದ್ದದ್ದಕ್ಕಿಂತ ಕುಸಿಯಿತು. ಅಂದರೆ ಮೆದುಳು ತೂಗುವುದು ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನು. ಟಿಕ್ ಸದ್ದಿಗೆ ಬೆಲೆ ಬರುವುದೂ ಹೀಗೆಯೇ. ಟಿಕ್ ಅನ್ನಿಸಿ ತಿಂಡಿ ಕೊಡದೆ ಆಟವಾಡಿಸಿದರೆ ಆ ಬೆಲೆ ಇಳಿಯುತ್ತದೆ.

ವಿಡಿಯೊ ಪಾಠದ ತೊಡಕು ಅಂದರೆ, ಗುರು ನಿಮಗೆ ಕಾಣುತ್ತಾರೆ, ನೀವು ಗುರುವಿಗೆ ಕಾಣುವುದಿಲ್ಲ. ಹಾಗಾಗಿ ಫೋನನ್ನು ಕಿಟಕಿಗೆ ಒರಗಿಸಿ ನಿಮ್ಮನ್ನೇ ಚಿತ್ರೀಕರಿಸಿ, ಆಮೇಲೆ ನಿಧಾನಗತಿಯಲ್ಲಿ ನೋಡಿ. ಬಾಯಿ "ಕೂತ್ಕೋ" ಅನ್ನುವ ಮೊದಲೇ ಕೈ ಜೇಬಿಗೆ ಹೋಗಿರುತ್ತದೆ. ನಾಯಿ ಕೂತದ್ದು ಜೇಬು ನೋಡಿ, ಮಾತು ಕೇಳಿ ಅಲ್ಲ. ಗೊರಸು ಬಡಿದು ಲೆಕ್ಕ ಹೇಳುತ್ತಿದ್ದ ಜರ್ಮನಿಯ ಹಾನ್ಸ್ ಎಂಬ ಕುದುರೆ ಕೂಡ ಪ್ರಶ್ನೆ ಕೇಳಿದವರ ತಲೆಯ ಸಣ್ಣ ಅಲುಗಾಟ ನೋಡಿಯೇ ನಿಲ್ಲಿಸುತ್ತಿತ್ತು ಅಂತ ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ 1907ರಲ್ಲೇ ತೋರಿಸಿದ್ದರು.

ಟಿಕ್ ಸದ್ದಿಗೆ ಬಾಲ್‌ಪೆನ್ ಸಾಕು. ತಿಂಡಿಗೆ ದುಬಾರಿ ಬಿಸ್ಕತ್ತೂ ಬೇಡ. ಕರಾವಳಿಯವರು ಬೇಯಿಸಿದ ಬಂಗಡೆಯ ಮುಳ್ಳು ತೆಗೆದು ಚೂರು ಮಾಡಿಕೊಳ್ಳಿ, ಉಪ್ಪಿನ ಒಣಮೀನು ಬೇಡ. ಘಟ್ಟದ ಮೇಲಿನವರಿಗೆ ದೋಸೆ ಚೂರು ಇದ್ದೇ ಇದೆ. ಒಂದೊಂದು ಚೂರು ಕಡಲೆಕಾಳಿಗಿಂತ ದೊಡ್ಡದಾಗದಿರಲಿ, ಇಲ್ಲದಿದ್ದರೆ ಪಾಠ ಮುಗಿಯುವ ಮೊದಲೇ ಹೊಟ್ಟೆ ತುಂಬಿ ಮಲಗುತ್ತದೆ.