ವಾಷಿಂಗ್ಟನ್ ಎಂಬ ಅಡ್ಡಹೆಸರು: ಡರ್ಹಮ್‌ನಿಂದ ವರ್ಜೀನಿಯಾದವರೆಗೆ

ಇಂಗ್ಲೆಂಡಿನ ಅಡ್ಡಹೆಸರುಗಳಲ್ಲಿ ದೊಡ್ಡದೊಂದು ಗುಂಪು ಊರಿನಿಂದ ಬಂದದ್ದು, ನಮ್ಮ ಉತ್ತರ ಕರ್ನಾಟಕದ ನವಲಗುಂದ, ಹುಬ್ಳೀಕರ್ ಇದ್ದಂತೆ. ಇಂಥ ಹೆಸರು ಎರಡು ಬಗೆಯಲ್ಲಿ ಅಂಟಿಕೊಳ್ಳುತ್ತಿತ್ತು. ಊರು ಬಿಟ್ಟು ಬಂದವನನ್ನು ಹೊಸ ಊರಿನವರು ಅವನ ಹಳೆಯ ಊರಿನ ಹೆಸರಿನಿಂದ ಕರೆಯುತ್ತಿದ್ದರು; ಇಲ್ಲವೇ ಊರಿನ ಒಡೆತನ ಸಿಕ್ಕವನು ತಾನೇ ಆ ಊರಿನ ಹೆಸರು ಇಟ್ಟುಕೊಳ್ಳುತ್ತಿದ್ದ.

ವಾಷಿಂಗ್ಟನ್ ಎರಡನೆಯ ಬಗೆಯದು. ಉತ್ತರ ಇಂಗ್ಲೆಂಡಿನ ಡರ್ಹಮ್ ಬಿಷಪ್ಪರ ಜಮೀನುಗಳ ಲೆಕ್ಕ ಬರೆದಿಟ್ಟ 1183ರ ಬೋಲ್ಡನ್ ದಾಖಲೆಯಲ್ಲಿ ವಿಲಿಯಂ ಡಿ ಹರ್ಟ್‌ಬರ್ನ್ ಎಂಬವನಿದ್ದಾನೆ. ಹರ್ಟ್‌ಬರ್ನ್ ಗ್ರಾಮವನ್ನು ಬಿಟ್ಟುಕೊಟ್ಟು ಬದಲಿಗೆ ವೆಸಿಂಗ್ಟನ್ (ಇಂದಿನ ವಾಷಿಂಗ್ಟನ್ ಊರು) ಪಡೆದ. ಕಂದಾಯ 4 ಪೌಂಡ್. ಜೊತೆಗೆ ಬಿಷಪ್ಪರ ದೊಡ್ಡ ಬೇಟೆಗೆ 4 ಬೇಟೆನಾಯಿಗಳೊಂದಿಗೆ ಹೋಗಬೇಕು. ಊರು ಬದಲಾದಂತೆ ಮನೆತನದ ಹೆಸರೂ ಬದಲಾಯಿತು. ಅಂದರೆ 1183ಕ್ಕಿಂತ ಹಿಂದೆ ಇದೇ ವಂಶವನ್ನು ‘ವಾಷಿಂಗ್ಟನ್’ ಎಂದು ಹುಡುಕಿದರೆ ಏನೂ ಸಿಗದು.

ಮುಂದಿನ ಮೂರು ಶತಮಾನಗಳನ್ನು ಚುಟುಕಾಗಿ ಮುಗಿಸಬಹುದು: ಒಂದು ಕವಲು ಲ್ಯಾಂಕಶೈರಿನ ವಾರ್ಟನ್‌ಗೆ ಬಂತು. ಅಲ್ಲಿಂದ ಲಾರೆನ್ಸ್ ಎಂಬವನು ನಾರ್ಥ್ಯಾಂಪ್ಟನ್‌ಗೆ ಹೋಗಿ ಉಣ್ಣೆ ವ್ಯಾಪಾರಿಯಾದ, ಮೇಯರನೂ ಆದ. ಎಂಟನೆಯ ಹೆನ್ರಿ ಮಠಗಳ ಆಸ್ತಿ ವಶಪಡಿಸಿಕೊಂಡು ಮಾರುತ್ತಿದ್ದಾಗ, 1539ರಲ್ಲಿ ಸಲ್‌ಗ್ರೇವ್ ಜಮೀನು ಕೊಂಡ.

ನಿಜವಾದ ತೊಡಕು ಶುರುವಾಗುವುದು ವಲಸೆಯಲ್ಲಿ. ಜಾನ್ ವಾಷಿಂಗ್ಟನ್ 1657ರ ಸುಮಾರಿಗೆ ‘ಸೀ ಹಾರ್ಸ್’ ಹಡಗಿನಲ್ಲಿ ವರ್ಜೀನಿಯಾಕ್ಕೆ ಬಂದ. ಮರಳುವಾಗ ಹಡಗು ಪೊಟೊಮ್ಯಾಕ್ ನದಿಯಲ್ಲಿ ನೆಲಕಚ್ಚಿತು. ಅವನು ಅಲ್ಲೇ ಉಳಿದ. ತಮ್ಮ ಲಾರೆನ್ಸನೂ ಆಮೇಲೆ ಬಂದ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಈ ಜಾನ್‌ನ ಮರಿಮಗ.

ಇವರ ಇಂಗ್ಲೆಂಡಿನ ತಂದೆ ಯಾರು? 1790ರ ದಶಕದಲ್ಲಿ ಮನೆತನಗಳ ಲಾಂಛನ, ವಂಶಾವಳಿ ನೋಡಿಕೊಳ್ಳುವ ಅಧಿಕಾರಿ ಐಸಾಕ್ ಹರ್ಡ್ ಸಲ್‌ಗ್ರೇವ್ ಕುಟುಂಬದಲ್ಲಿ ಜಾನ್, ಲಾರೆನ್ಸ್ ಎಂಬ ಅಣ್ಣತಮ್ಮಂದಿರನ್ನು ಕಂಡು ಇವರೇ ಅವರು ಎಂದು ಜೋಡಿಸಿದರು. 1866ರಲ್ಲಿ ವಂಶಾವಳಿ ಸಂಶೋಧಕ ಜೋಸೆಫ್ ಚೆಸ್ಟರ್ ಅದನ್ನು ಮುರಿದರು: ಆ ಜಾನ್ ನೈಟ್ ಪದವಿ ಪಡೆದವನು, ಅವನ ಹೆಂಡತಿಯರ ಹೆಸರೂ ಹೊಂದದು, ಆ ಲಾರೆನ್ಸ್ ಪಾದ್ರಿ. 1889ರಲ್ಲಿ ಹೆನ್ರಿ ವಾಟರ್ಸ್ ಗಂಟು ಬಿಡಿಸಿದರು. ಹರ್ಡ್ ಹಿಡಿದದ್ದು ಒಂದು ತಲೆಮಾರು ಮೇಲಿನವರನ್ನು! ವಲಸೆ ಹೋದವರಿಗೆ ಆ ಪಾದ್ರಿ ಲಾರೆನ್ಸನೇ ತಂದೆ, ಸರ್ ಜಾನ್ ದೊಡ್ಡಪ್ಪ.

ವಾಟರ್ಸ್‌ಗೆ ದಾರಿ ತೋರಿದ್ದರಲ್ಲಿ ಮುಖ್ಯವಾದದ್ದು ಬೇರೆ ಅಡ್ಡಹೆಸರಿನವನ ಮರಣಪತ್ರ (ಉಯಿಲು): ಪಾದ್ರಿಯ ಹೆಂಡತಿ ಆಂಫಿಲಿಸ್‌ಳ ಮಲತಂದೆ, ಟ್ರಿಂಗ್ ಊರಿನ ಆಂಡ್ರ್ಯೂ ನೋಲಿಂಗ್‌ನದು. ಅದರಲ್ಲಿ ಅವಳ ಮಕ್ಕಳ ಹೆಸರುಗಳಿವೆ: ಜಾನ್, ಲಾರೆನ್ಸ್, ಮಾರ್ಥಾ ಮತ್ತಿತರರು. ವರ್ಜೀನಿಯಾದ ಜಾನ್ ತನ್ನ ಮರಣಪತ್ರದಲ್ಲಿ ತಂಗಿ ಮಾರ್ಥಾಳನ್ನು ನೆನೆದಿದ್ದಾನೆ. ಒಂದೇ ಹೆಸರು ಹೊಂದಿದರೆ ಅದು ಸಾಕ್ಷ್ಯವಲ್ಲ. ಒಡಹುಟ್ಟಿದವರ ಗುಂಪೇ ಹೊಂದಬೇಕು. ಆದ್ದರಿಂದ ತಾಯಿಯ ಕಡೆಯವರ, ಮಲತಂದೆಯರ ಮರಣಪತ್ರಗಳನ್ನೂ ಓದಿ. 1858ಕ್ಕಿಂತ ಮುಂಚಿನವು ಚರ್ಚ್ ನ್ಯಾಯಾಲಯಗಳ ಕಡತಗಳಲ್ಲಿವೆ. ಕ್ಯಾಂಟರ್ಬರಿ ನ್ಯಾಯಾಲಯದವು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಪ್ರಾಬ್ 11’ ಸರಣಿಯಲ್ಲಿ ಸಿಗುತ್ತವೆ. ಆ ಕಾಲದ ಪತ್ರದಲ್ಲಿ ‘ಡಾಟರ್ ಇನ್ ಲಾ’ ಎಂದಿದ್ದರೆ ತಕ್ಷಣ ಸೊಸೆ ಎಂದು ಬರೆದುಕೊಳ್ಳಬೇಡಿ, ಹೆಂಡತಿಯ ಹಿಂದಿನ ಮದುವೆಯ ಮಗಳೂ ಆಗಿರಬಹುದು.

ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆಗಳು ಶುರುವಾದದ್ದು 1538ರಲ್ಲಿ. 1642–1660ರ ಅಂತರ್ಯುದ್ಧ ಮತ್ತು ಗಣರಾಜ್ಯದ ಕಾಲದಲ್ಲಿ ಹಲವೆಡೆ ಪುಟಗಳೇ ಖಾಲಿ. ಈ ವಲಸೆ ನಡೆದದ್ದೂ ಅದೇ ಹೊತ್ತಿಗೆ. ಪಾದ್ರಿ ಲಾರೆನ್ಸ್ ರಾಜನ ಪಕ್ಷದವನೆಂದು 1643ರಲ್ಲಿ ಎಸೆಕ್ಸಿನ ಪರ್ಲೀ ಚರ್ಚಿನಿಂದ ಹೊರಬಿದ್ದ (ಹೊರಿಸಿದ ಆರೋಪ ಮಾತ್ರ ಕುಡಿತದ್ದು).

ತಾರೀಕಿನ ಎಡವಟ್ಟು ಬೇರೆ. 1752ಕ್ಕಿಂತ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಜನವರಿ 1ರಿಂದ ಮಾರ್ಚ್ 24ರ ವರೆಗಿನ ದಿನಗಳಿಗೆ ಎರಡೂ ವರ್ಷ ಹಾಕಿ: 1652/53. ಜಾರ್ಜ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22 (1752ರಲ್ಲಿ ಕ್ಯಾಲೆಂಡರ್ ಬದಲಾದಾಗ ತಾರೀಕೂ 11 ದಿನ ಮುಂದೆ ಸರಿಯಿತು). ಇದನ್ನು ಮರೆತರೆ ಮದುವೆಗೆ ಮೊದಲೇ ಮಗು ಹುಟ್ಟಿದಂತೆ ಕಾಣುತ್ತದೆ.

ಇಷ್ಟಾದ ಮೇಲೂ ಹೆಸರಿನ ಹರಹು ಬೇರೆಯೇ. 2000ದ ಅಮೆರಿಕ ಜನಗಣತಿಯಲ್ಲಿ ವಾಷಿಂಗ್ಟನ್ ಹೆಸರಿನವರು 1,63,036 ಮಂದಿ. ಅವರಲ್ಲಿ ಸುಮಾರು ಶೇ 90 ಕಪ್ಪು ಜನರು. ಹೆಚ್ಚಿನವರಿಗೆ ಡರ್ಹಮ್ ವಂಶಾವಳಿ ಸಂಬಂಧಿಸುವುದಿಲ್ಲ. ಅವರೆಲ್ಲ ಜಾರ್ಜ್‌ನ ಗುಲಾಮರ ಸಂತತಿ ಎನ್ನುವುದೂ ಆಧಾರವಿಲ್ಲದ ಮಾತು. ಕಪ್ಪು ಜನರ ಶಿಕ್ಷಣಕ್ಕೆ ದುಡಿದ ಬೂಕರ್ ಟಿ. ವಾಷಿಂಗ್ಟನ್ ಹುಟ್ಟಿದ್ದು ಬರೋಸ್ ಎಂಬವರ ತೋಟದಲ್ಲಿ. ಈ ಅಡ್ಡಹೆಸರು ಹೇಳಿಕೊಂಡದ್ದು ಶಾಲೆಗೆ ಸೇರಿದಾಗ. ಇಂಥ ಕುಟುಂಬ ಹುಡುಕುವವರು 1870ರ ಜನಗಣತಿಯಿಂದ ಹಿಂದಕ್ಕೆ ಹೋಗಬೇಕು, ಬಿಡುಗಡೆಯಾದವರೆಲ್ಲರ ಹೆಸರು ಮೊದಲು ಬಂದದ್ದು ಅದರಲ್ಲೇ. 1850, 1860ರ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಯಜಮಾನನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ. ವಾಷಿಂಗ್ಟನ್ ಹೆಸರಿನ ಯಜಮಾನನನ್ನೇ ಹುಡುಕುತ್ತ ಕೂರುವ ಬದಲು ಬಿಡುಗಡೆಯಾದ ಗುಲಾಮರಿಗೆಂದು ತೆರೆದ ಫ್ರೀಡ್‌ಮನ್ಸ್ ಬ್ಯಾಂಕಿನ (1865–1874) ಖಾತೆ ಪುಸ್ತಕ ನೋಡಿ. ಅದರ ಮೊದಲ ವರ್ಷಗಳ ನಮೂನೆಯಲ್ಲಿ ಹಿಂದಿನ ಯಜಮಾನನ ಹೆಸರಿಗೇ ಒಂದು ಸಾಲು ಇತ್ತು.